ಕಡಲಿಲ್ಲದ ಬಂದರು: ಬೀದರ್ ಊರನ್ನು ನಡೆದೇ ನೋಡುವುದು ಹೇಗೆ

ನೆಂಟರು ಬೀದರ್‌ಗೆ ಬಂದರೆ ನಮ್ಮಲ್ಲಿ ಒಂದು ರೂಢಿ ಇದೆ. ಕಾರಿನಲ್ಲಿ ಕೂರಿಸಿಕೊಂಡು ಸೀದಾ ಕಿಲ್ಲಾ, ಅಂದರೆ ಕೋಟೆ. ಅಲ್ಲಿ ಫಿರಂಗಿಯ ಪಕ್ಕ ನಿಂತು ಫೋಟೊ. ಆಮೇಲೆ ಗುರುದ್ವಾರ. ದಾರಿಯಲ್ಲಿ ಮದರಸಾದ ಗೇಟಿನ ಬಳಿ ಐದು ನಿಮಿಷ. ಸಂಜೆ ಬಿರಿಯಾನಿ ತಿಂದರೆ ಮುಗೀತು. ನಾನೂ ವರ್ಷಗಟ್ಟಲೆ ಹೀಗೇ ತೋರಿಸುತ್ತಿದ್ದೆ.

ಒಮ್ಮೆ ಕಾರವಾರದ ಕಡೆಯ ಗೆಳೆಯನೊಬ್ಬ ಬಂದ. ಕಿಲ್ಲಾದ ರಂಗೀನ್ ಮಹಲಿನೊಳಗೆ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಚೂರುಗಳನ್ನು ನೋಡಿ ಅಲ್ಲೇ ನಿಂತುಬಿಟ್ಟ. ‘ಇದು ನಮ್ಮ ಕಡೆಯ ಮಾಲು ಕಣೋ, ಈ ಗುಡ್ಡಕ್ಕೆ ಹೇಗೆ ಬಂತು?’ ಅಂದ. ನನಗೆ ಉತ್ತರ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅದೇ ಊರಲ್ಲಿ ಇದ್ದೇನೆ, ಆದರೂ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅಂದಿನಿಂದ ನಾನು ಬೀದರ್ ತೋರಿಸುವ ರೀತಿ ಬದಲಾಯಿತು. ಈ ಊರು ಸಮುದ್ರ ಮಟ್ಟದಿಂದ ಸುಮಾರು 2,300 ಅಡಿ ಎತ್ತರದಲ್ಲಿದೆ. ಕಡಲು ನೂರಾರು ಮೈಲಿ ದೂರ. ಆದರೆ 15ನೇ ಶತಮಾನದ ಬೀದರ್ ಬದುಕಿದ್ದೇ ಬಂದರುಗಳ ಮೇಲೆ. ದಾಭೋಲ್, ಚೌಲ್, ಗೋವಾದಲ್ಲಿ ಹಡಗಿನಿಂದ ಇಳಿದ ಕುದುರೆ, ಬಟ್ಟೆ, ಕುಶಲಕರ್ಮಿ, ಸಂತ, ಸಿಪಾಯಿ, ಎಲ್ಲರೂ ಘಟ್ಟ ಹತ್ತಿ ಬರುತ್ತಿದ್ದುದು ಇಲ್ಲಿಗೆ. ಊರು ಕೂತಿರುವ ರೀತಿಯೂ ದ್ವೀಪದಂತೆಯೇ. ಉತ್ತರ ಮತ್ತು ಪೂರ್ವಕ್ಕೆ ನೆಲ ಸಟಕ್ಕನೆ ಇಳಿದು ಬಯಲಾಗುತ್ತದೆ. ಒಂದು ಬಂದರು ಪಟ್ಟಣವನ್ನು ಓಣಿ ಓಣಿ ಸುತ್ತಿ ನೋಡುತ್ತೀರಲ್ಲ, ಹಾಗೇ ನೋಡಬೇಕು ಇದನ್ನು. ಇದಕ್ಕೆ ಒಂದೂವರೆ ದಿನ ಇಟ್ಟುಕೊಳ್ಳಿ.

ಹೊರಡುವ ಮುಂಚೆ

ಕಾಲ ಮೊದಲು ನೋಡಿ. ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯದು. ಡಿಸೆಂಬರ್, ಜನವರಿಯ ಬೆಳಗ್ಗೆ ಚಳಿ ಜೋರಿರುತ್ತದೆ. ರಾಜ್ಯದಲ್ಲೇ ಕಡಿಮೆ ತಾಪಮಾನ ಎಂದು ಸುದ್ದಿಯಲ್ಲಿ ಬೀದರ್ ಹೆಸರು ಬರುವುದು ಆಗಲೇ. ಸ್ವೆಟರ್ ಬೇಕು, ಹತ್ತು ಗಂಟೆಗೆ ಅದನ್ನು ಬಿಚ್ಚಿ ಹೊರಲು ಚೀಲವೂ ಬೇಕು. ಮಳೆಗಾಲ ನನ್ನ ಮೆಚ್ಚಿನ ಕಾಲ. ಕೆಂಪು ಕಲ್ಲು ನೆನೆದು ಇನ್ನೂ ಕೆಂಪಾಗಿ, ಕಂದಕದಲ್ಲಿ ನೀರು ನಿಂತು, ಊರಿಗೆ ಬಣ್ಣ ಬರುತ್ತದೆ. ಆದರೆ ಪಾಚಿ ಕಟ್ಟಿದ ಮೆಟ್ಟಿಲುಗಳ ಮೇಲೆ ಎಚ್ಚರ.

ಏಪ್ರಿಲ್, ಮೇ ಬೇಡವೇ ಬೇಡ. ಒಂದು ಏಪ್ರಿಲ್‌ನಲ್ಲಿ ನನ್ನ ಚಿಕ್ಕಮ್ಮನ ಮಗಳನ್ನು ಮಧ್ಯಾಹ್ನ ಹನ್ನೆರಡಕ್ಕೆ ಕಿಲ್ಲಾದೊಳಗೆ ಕರೆದುಕೊಂಡು ಹೋಗಿದ್ದೆ. ಇದ್ದದ್ದು ಒಂದೇ ಬಾಟಲಿ ನೀರು. ತಖ್ತ್ ಮಹಲ್ ಮುಟ್ಟುವ ಮೊದಲೇ ಅವಳಿಗೆ ತಲೆ ಸುತ್ತು ಬಂತು. ಒಂದು ಗೋಡೆಯ ನೆರಳಲ್ಲಿ ಅರ್ಧ ಗಂಟೆ ಕೂತು, ಯಾರೋ ಪುಣ್ಯಾತ್ಮರು ಕೊಟ್ಟ ನೀರು ಕುಡಿದು ವಾಪಸ್ ಬಂದೆವು. ಇಂದಿಗೂ ಬೀದರ್ ಅಂದರೆ ಅವಳು ಮುಖ ಸಿಂಡರಿಸುತ್ತಾಳೆ. ತಪ್ಪು ಊರಿನದಲ್ಲ, ನನ್ನದು.

ಚೀಲದಲ್ಲಿ ಇರಬೇಕಾದ್ದು: ಒಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ತಲೆ ಮುಚ್ಚಲು ಒಂದು ವಸ್ತ್ರ (ಗುರುದ್ವಾರ, ದರ್ಗಾ ಎರಡಕ್ಕೂ ಬೇಕು), ಒಂದು ಒಳ್ಳೆಯ ಟಾರ್ಚ್. ಮೊಬೈಲಿನ ಬೆಳಕು ಊರಾಚೆಯ ಅಷ್ಟೂರಿನ ಗುಂಬಜ್‌ಗಳಲ್ಲಿ (ಸುಲ್ತಾನರ ಸಮಾಧಿಗಳು) ಸಾಲುವುದಿಲ್ಲ. ಬೂಟು ಗಟ್ಟಿಯಿರಲಿ. ಆದರೆ ಪದೇ ಪದೇ ಬಿಚ್ಚಿ ಹಾಕಬೇಕಾಗುತ್ತದೆ, ಲೇಸ್ ಇಲ್ಲದ್ದಾದರೆ ಸುಖ.

ಭಾಷೆಯ ಚಿಂತೆ ಬೇಡ. ಹಳೇ ಊರಿನಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಎಲ್ಲವೂ ಒಂದೇ ಚಹಾ ಅಂಗಡಿಯಲ್ಲಿ ಕೇಳುತ್ತವೆ. ಕೋಟೆ ಎಂದು ಕೇಳುವುದಕ್ಕಿಂತ ‘ಕಿಲ್ಲಾ’ ಎಂದು ಕೇಳಿ. ದಾರಿ ಬೇಗ ಸಿಗುತ್ತದೆ.

ಬರುವ ದಾರಿ ಸುಲಭ. ಹೈದರಾಬಾದ್‌ನಿಂದ ಸುಮಾರು 140 ಕಿ.ಮೀ. ಕಲಬುರಗಿಯಿಂದ ಬಸ್ಸು ಸದಾ ಇವೆ, 2017ರಲ್ಲಿ ಶುರುವಾದ ರೈಲು ದಾರಿಯೂ ಇದೆ.

ಹಂತ 1: ಫತೇ ದರ್ವಾಜಾದಿಂದ ಒಳಗೆ ಬನ್ನಿ

ಹೆಚ್ಚಿನವರು ಆಟೋದಲ್ಲಿ ನೇರ ಕಿಲ್ಲಾದ ಮುಂದೆ ಇಳಿಯುತ್ತಾರೆ. ಹಾಗೆ ಮಾಡಬೇಡಿ. ಬೆಳಗ್ಗೆ ಏಳಕ್ಕೆ ಊರಿನ ದಕ್ಷಿಣದ ಫತೇ ದರ್ವಾಜಾದ ಹತ್ತಿರ ಇಳಿಯಿರಿ. ಹಳೇ ಪಟ್ಟಣದ ಸುತ್ತಲಿನ ಗೋಡೆಗೆ ಐದು ಬಾಗಿಲುಗಳು: ಫತೇ, ಶಾಹಗಂಜ್, ಮಂಗಲಪೇಟೆ, ದುಲ್ಹನ್, ತಲಘಾಟ್. ಹೊರಗಿನಿಂದ ಬಂದವರು ಮೊದಲು ಊರಿನ ಬಾಗಿಲು ದಾಟಬೇಕು, ಆಮೇಲೆ ಪೇಟೆ, ಆಮೇಲೆ ಅರಮನೆ. ಆ ಕ್ರಮದಲ್ಲೇ ನಡೆದರೆ ಮಾತ್ರ ಊರಿನ ಲೆಕ್ಕಾಚಾರ ಅರ್ಥವಾಗುತ್ತದೆ.

ನಡೆಯುವಾಗ ಒಬ್ಬ ರಷ್ಯನ್ನನನ್ನು ನೆನಪಿಟ್ಟುಕೊಳ್ಳಿ. ಅಫನಾಸಿ ನಿಕಿತಿನ್, ತ್ವೇರ್ ಎಂಬ ಊರಿನ ವ್ಯಾಪಾರಿ. 1470ರ ಆಸುಪಾಸಿನಲ್ಲಿ ಚೌಲ್ ಬಂದರಿನಲ್ಲಿ ಇಳಿದು, ಜುನ್ನರ್ ಮೇಲಿಂದ ಬೀದರ್‌ಗೆ ಬಂದ. ಜೊತೆಗೆ ಒಂದು ಗಂಡು ಕುದುರೆ ತಂದಿದ್ದ. ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲ ಎಂದು ಕೇಳಿ, ಒಳ್ಳೆಯ ಬೆಲೆ ಸಿಗುತ್ತದೆ ಎಂಬ ಆಸೆ ಅವನಿಗೆ. ಅದನ್ನು ಸಾಕಲು ಹಣ ಸುರಿದು, ಕೊನೆಗೆ ಮಾರಿದ್ದು ಬೀದರ್‌ನಲ್ಲೇ. ಇಲ್ಲಿನ ಪೇಟೆಯಲ್ಲಿ ಕುದುರೆ, ರೇಷ್ಮೆ ಬಟ್ಟೆ, ಕಪ್ಪು ಗುಲಾಮರು ಮಾರಾಟಕ್ಕಿದ್ದುದನ್ನು ಬರೆದಿಟ್ಟಿದ್ದಾನೆ. ದೊರೆಗಳು ಮೆರೆಯುತ್ತಾರೆ, ಹಳ್ಳಿಯ ಜನ ಬಡವರು ಎಂದೂ ಬರೆದಿದ್ದಾನೆ. ಅರಮನೆಯ ಹೊಗಳಿಕೆಗಳ ನಡುವೆ ನನಗೆ ಇಷ್ಟವಾಗುವುದು ಆ ಸಾಲೇ.

ಬಾಗಿಲಿನಿಂದ ಉತ್ತರಕ್ಕೆ ನೆಟ್ಟಗೆ ನಡೆಯಿರಿ. ಅಂಗಡಿಗಳು ಇನ್ನೂ ಕಣ್ಣು ಬಿಡುತ್ತಿರುತ್ತವೆ, ವಾಹನ ಕಡಿಮೆ. ಕಾಲು ಗಂಟೆಯಲ್ಲಿ ರಸ್ತೆಯ ನಡುವೆ ಒಂದು ದಪ್ಪ ದುಂಡು ಗೋಪುರ ಕಾಣುತ್ತದೆ. ಅದೇ ಚೌಬಾರಾ. 71 ಅಡಿ ಎತ್ತರ. ನಾಲ್ಕೂ ದಿಕ್ಕಿನ ರಸ್ತೆಗಳು ಇಲ್ಲಿ ಕೂಡುತ್ತವೆ. ಮೇಲಿನಿಂದ ಕಾವಲಿನವರಿಗೆ ಊರೂ ಬಯಲೂ ಕಾಣುತ್ತಿತ್ತು. ಒಳಗೆ ಸುತ್ತು ಮೆಟ್ಟಿಲು ಇದೆ, ಆದರೆ ಹತ್ತಲು ಬಿಡುತ್ತಾರೆಂದು ಲೆಕ್ಕ ಹಾಕಬೇಡಿ. ಈಗ ಅದರ ಗಡಿಯಾರ ಸಮಯ ಹೇಳುವುದಕ್ಕಿಂತ ‘ಚೌಬಾರಾ ಹತ್ರ ಸಿಗ್ತೀನಿ’ ಎನ್ನುವವರಿಗೆ ಗುರುತಾಗಿ ನಿಂತಿರುವುದೇ ಜಾಸ್ತಿ.

ಚೌಬಾರಾದಲ್ಲಿ ಅಡ್ಡಹಾಯುವ ಎರಡು ರಸ್ತೆಗಳು ಹಳೇ ಊರನ್ನು ನಾಲ್ಕು ಭಾಗ ಮಾಡುತ್ತವೆ. ಒಂದೊಂದು ಭಾಗಕ್ಕೂ ಒಂದು ತಾಲೀಮು: ಸಿದ್ದೀಕ್ ಶಾ, ನೂರ್ ಖಾನ್, ಮನಿಹಾರ್, ಪನ್ಸಾಲ್. ತಾಲೀಮು ಅಂದರೆ ಗರಡಿ ಮನೆ. ಹುಡುಗರು ಅಲ್ಲಿ ಕಸರತ್ತು ಮಾಡುತ್ತಿದ್ದರು, ಓಣಿಯ ಮಾನ ಮರ್ಯಾದೆ ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಈಗಲೂ ಓಣಿಗಳಿಗೆ ಆ ಹೆಸರುಗಳು ಅಂಟಿಕೊಂಡಿವೆ. ವಿಳಾಸ ಕೇಳುವಾಗ ಕಿವಿಗೊಡಿ.

ಇಲ್ಲಿ ಚಹಾ ಕುಡಿಯಿರಿ. ತಿಂಡಿಗೆ ಸುಸಲಾ, ಮಿರ್ಚಿ ಭಜಿ ಸಿಕ್ಕರೆ ಬಿಡಬೇಡಿ. ಮುಂದಿನ ಮೂರು ನಾಲ್ಕು ಗಂಟೆ ತಿನ್ನಲು ಏನೂ ಸಿಗುವುದಿಲ್ಲ.

ಹಂತ 2: ಮದರಸಾದ ಮುಂದೆ ಬೆಳಗಿನ ಬಿಸಿಲಿಗೇ ನಿಲ್ಲಿ

ಚೌಬಾರಾದಿಂದ ಉತ್ತರಕ್ಕೆ ಹೊರಟರೆ ಮೊದಲು ಸಿಗುವುದು ತಖ್ತ್-ಎ-ಕಿರ್ಮಾನಿ. ಗಾರೆ ಕೆಲಸದ ಚೆಂದದ ಕಮಾನು. ಒಳಗೆ ಇರಾನಿನ ಕಿರ್ಮಾನ್ ಕಡೆಯಿಂದ ಬಂದ ಸಂತ ಖಲೀಲುಲ್ಲಾ ಅವರದೆನ್ನುವ ಮರದ ಮಂಚವಿದೆ. ಜನ ಬಂದು ಕೈ ಮುಗಿದು ಹೋಗುತ್ತಾರೆ. ಎರಡು ನಿಮಿಷ ಸಾಕು. ಈ ಖಲೀಲುಲ್ಲಾ ನಾಳೆ ಮತ್ತೆ ಸಿಗುತ್ತಾರೆ.

ಇನ್ನೊಂದು ಐದಾರು ನಿಮಿಷ ನಡೆದರೆ ಮಹಮೂದ್ ಗವಾನ್ ಮದರಸಾ. ಕಟ್ಟಡ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ನೇರವಾಗಿ ಹೆಂಚುಗಳ ಮೇಲೆ ಬೀಳುತ್ತದೆ. ಮಧ್ಯಾಹ್ನದ ನಂತರ ಬಂದರೆ ಅದೇ ಗೋಡೆ ಮಂಕು. ಬೆಳಗ್ಗೆ ಏಳಕ್ಕೇ ಹೊರಡಿ ಎಂದು ನಾನು ಹಠ ಹಿಡಿದದ್ದು ಇದಕ್ಕೇ.

ಗವಾನ್ ಕಥೆ ಗೊತ್ತಿದ್ದರೆ ಈ ಕಟ್ಟಡ ಬೇರೆಯದೇ ರೀತಿ ಕಾಣುತ್ತದೆ. ಅವನು ಇರಾನಿನ ಗೀಲಾನ್‌ನವನು. ವ್ಯಾಪಾರಿ. ದಾಭೋಲ್ ಬಂದರಿನಲ್ಲಿ ಇಳಿದು 1453ರಲ್ಲಿ ಬೀದರ್‌ಗೆ ಬಂದಾಗಲೇ ವಯಸ್ಸು ನಲವತ್ತು ದಾಟಿತ್ತು. ಇಲ್ಲೇ ಉಳಿದ, ಏರುತ್ತಾ ಹೋಗಿ, ಆಗ ಬೀದರ್‌ನಿಂದ ಆಳುತ್ತಿದ್ದ ಬಹಮನಿ ಸುಲ್ತಾನರ ಪ್ರಧಾನಿಯಾದ. 1472ರಲ್ಲಿ ವಿಜಯನಗರದ ಕೈಯಿಂದ ಗೋವಾ ಗೆದ್ದ. ಗೋವಾ ಅಂದರೆ ಆಗ ನದಿಗಳು ಸುತ್ತುವರಿದ ದ್ವೀಪ ಬಂದರು, ಕುದುರೆ ವ್ಯಾಪಾರದ ಬಾಯಿ. ಅರಬ್ಬಿ ಕುದುರೆ ಯಾರ ಕೈ ಸೇರಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತಿತ್ತು. ಈ ಮದರಸಾ ತಲೆ ಎತ್ತಿದ್ದೂ ಅದೇ ಹೊತ್ತಿಗೆ. ಒಂದೇ ಮನುಷ್ಯ ಅತ್ತ ಬಂದರು ಹಿಡಿದ, ಇತ್ತ ಶಾಲೆ ಕಟ್ಟಿದ.

ಈಗ ಗೋಡೆ ನೋಡಿ. ನೀಲಿ, ಬಿಳಿ, ಹಳದಿ ಹೆಂಚುಗಳು ಇರಾನಿನ ಕೈಚಳಕದವು. ಉಳಿದ ಒಂದು ಮಿನಾರಿನ ಮೇಲೆ ಅಂಕುಡೊಂಕು ಪಟ್ಟಿಗಳಲ್ಲಿ ಹೆಂಚು ಕೂರಿಸಿದ್ದಾರೆ. ಹತ್ತಿರ ಹೋದರೆ ಎಷ್ಟೋ ಕಡೆ ಹೆಂಚು ಉದುರಿ ಬರೀ ಗಾರೆ ಇದೆ. ಅಲ್ಲೇ ನೋಡಬೇಕು, ಒಂದೊಂದು ತುಂಡನ್ನು ಹೇಗೆ ಕತ್ತರಿಸಿ ಜೋಡಿಸಿದ್ದಾರೆಂದು ಆಗ ಗೊತ್ತಾಗುತ್ತದೆ.

ದಕ್ಷಿಣದ ಬದಿ, ಮುಂದಿನ ಹೆಬ್ಬಾಗಿಲು, ಇನ್ನೊಂದು ಮಿನಾರು ಈಗಿಲ್ಲ. ಔರಂಗಜೇಬನ ಕಾಲದಲ್ಲಿ ಇಲ್ಲಿ ಸೈನಿಕರಿದ್ದರು, ಮದ್ದಿನ ಪುಡಿ ತುಂಬಿಟ್ಟಿದ್ದರು. 1696ರ ಸುಮಾರಿಗೆ ಅದು ಸಿಡಿಯಿತು. ಸಿಡಿಲು ಬಡಿದು ಎನ್ನುತ್ತಾರೆ. ಮೂರು ಸಾವಿರ ಹಸ್ತಪ್ರತಿಗಳಿದ್ದವು ಎನ್ನುವ ಗ್ರಂಥಾಲಯವಿದ್ದ ಜಾಗದಲ್ಲಿ ಮದ್ದು ತುಂಬಿದವರ ಬುದ್ಧಿಗೆ ಏನನ್ನಬೇಕೋ.

ಒಳಗೆ ಅಂಗಳ, ಸುತ್ತ ಮೂರಂತಸ್ತಿನಲ್ಲಿ ವಿದ್ಯಾರ್ಥಿಗಳ ಕೋಣೆಗಳು. ಒಂದು ಕೋಣೆಯೊಳಗೆ ಹೋಗಿ ಸುಮ್ನೆ ಕೂತು ನೋಡಿ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ಗಾಳಿ ಆಡುತ್ತದೆ. ಇಲ್ಲಿ ಮುಕ್ಕಾಲು ಗಂಟೆ ಕೊಡಿ.

ಹಂತ 3: ಕಿಲ್ಲಾ, ಆತುರ ಬೇಡ

ಮದರಸಾದಿಂದ ಹತ್ತು ನಿಮಿಷ ನಡೆದರೆ ಕಿಲ್ಲಾದ ಬಾಗಿಲು. ಬಹಮನಿ ರಾಜ್ಯ 1347ರಲ್ಲಿ ಶುರುವಾದಾಗ ರಾಜಧಾನಿ ನಮ್ಮ ನೆರೆಯ ಕಲಬುರಗಿ. ಅಹ್ಮದ್ ಶಾ ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಅದನ್ನು ಬೀದರ್‌ಗೆ ತಂದ, 1432ರ ಹೊತ್ತಿಗೆ ಈ ಕೋಟೆ ಕಟ್ಟಿ ಮುಗಿಸಿದ. ಕಲಬುರಗಿಯವರು ಈ ವಿಷಯದಲ್ಲಿ ಇನ್ನೂ ಸ್ವಲ್ಪ ಮುನಿಸಿಕೊಂಡಂತೆ ಮಾತಾಡುತ್ತಾರೆ, ತಮಾಷೆಗೆ.

ಒಳಗೆ ಹೋಗುವ ಮೊದಲು ಕಂದಕ ನೋಡಿ. ಒಂದಲ್ಲ, ಒಂದರ ಪಕ್ಕ ಒಂದು ಮೂರು ಸಾಲು. ಮಣ್ಣು ಅಗೆದು ಮಾಡಿದ್ದಲ್ಲ. ಇಡೀ ನೆಲವೇ ಕೆಂಪು ಮುರಕಲ್ಲು, ಅದನ್ನು ಕಡಿದು ನಡುವೆ ಬಂಡೆಯ ಗೋಡೆಗಳನ್ನು ಹಾಗೇ ಉಳಿಸಿದ್ದಾರೆ. ಈ ಕಲ್ಲು ಕಡಿಯುವಾಗ ಮೆದು, ಗಾಳಿಗೆ ಬಿಟ್ಟರೆ ಗಟ್ಟಿ. ಕಂದಕದಿಂದ ತೆಗೆದ ಕಲ್ಲು ಗೋಡೆಗೆ ಹೋಯಿತು. ಒಂದೇ ಕೆಲಸದಲ್ಲಿ ಎರಡು ಲಾಭ.

ಶರ್ಜಾ ದರ್ವಾಜಾದ ಮೇಲೆ ಎರಡು ಹುಲಿಗಳ ಕೆತ್ತನೆ ಇದೆ. 1503ರ ಶಾಸನವೂ ಇದೆ. ಇಲ್ಲಿ ನಿಕಿತಿನ್ ಮತ್ತೆ ನೆನಪಾಗಬೇಕು. ಸುಲ್ತಾನನ ಅರಮನೆಗೆ ಏಳು ಬಾಗಿಲು, ಒಂದೊಂದರಲ್ಲೂ ನೂರು ಕಾವಲಿನವರು, ನೂರು ಬರಹಗಾರರು, ಒಳಗೆ ಹೋದವರ ಹೊರಗೆ ಬಂದವರ ಹೆಸರು ಬರೆದುಕೊಳ್ಳುತ್ತಾರೆ ಎಂದು ಬೆರಗಾಗಿ ಹೇಳುತ್ತಾನೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಿಜಿಸ್ಟರ್‌ಗೆ ಸಹಿ ಹಾಕುವಾಗೆಲ್ಲ ನನಗೆ ಇದು ನೆನಪಾಗಿ ನಗು ಬರುತ್ತದೆ.

ಗುಂಬದ್ ದರ್ವಾಜಾ ದಾಟಿದ ಮೇಲೆ ಹತ್ತಿರದಲ್ಲೇ ರಂಗೀನ್ ಮಹಲ್. ಇಲ್ಲೊಂದು ಮಾತು ಗಮನವಿಟ್ಟು ಕೇಳಿ. ಹೊರಗಿನಿಂದ ನೋಡಿದರೆ ಇದು ಸಾಮಾನ್ಯ ಕಲ್ಲಿನ ಕಟ್ಟಡ. ಬಾಗಿಲಿಗೆ ಬೀಗವೂ ಇರುತ್ತದೆ. ನೂರಾರು ಜನ ಅದರ ಮುಂದೆಯೇ ಹಾದು ಹೋಗುತ್ತಾರೆ. ಬೀಗ ಕಂಡು ನಾನೂ ಎರಡು ಸಲ ವಾಪಸ್ ಬಂದಿದ್ದೇನೆ. ಕಿಲ್ಲಾದಲ್ಲೇ ಇರುವ ವಸ್ತು ಸಂಗ್ರಹಾಲಯಕ್ಕೆ ಮೊದಲು ಹೋಗಿ, ಅಲ್ಲಿನ ಸಿಬ್ಬಂದಿಯನ್ನು ವಿನಯದಿಂದ ಕೇಳಿ. ಯಾರಾದರೂ ಬೀಗದ ಕೈ ಹಿಡಿದು ಬಂದರೆ ನಿಮ್ಮ ಅದೃಷ್ಟ. ಸಂಜೆ ಹೊತ್ತಿಗಿಂತ ಬೆಳಗ್ಗೆ ಕೇಳಿದರೆ ಕೆಲಸ ಆಗುವುದು ಜಾಸ್ತಿ.

ಒಳಗೆ ಹೋದರೆ ಮೊದಲು ಮರದ ಕಂಬಗಳು ಮತ್ತು ಅವುಗಳ ಕೆತ್ತನೆ. ನಂತರ ಹೆಂಚಿನ ಚಿತ್ತಾರ. ಆಮೇಲೆ ನನ್ನ ಗೆಳೆಯ ನಿಂತ ಜಾಗ: ಕನ್ನಡಿಯಂಥ ನುಣುಪಿನ ಕರಿಕಲ್ಲು, ಅದರೊಳಗೆ ಬಳ್ಳಿಯಂತೆ, ಅಕ್ಷರದಂತೆ ಕೂರಿಸಿದ ಮುತ್ತಿನ ಚಿಪ್ಪು. ಟಾರ್ಚನ್ನು ನೇರ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿದು ಸ್ವಲ್ಪ ಆಡಿಸಿ. ಬಿಳಿ ಚಿಪ್ಪು ಗುಲಾಬಿ, ಹಸಿರು, ನೀಲಿಯಾಗಿ ಮಿನುಗುತ್ತದೆ. ಇದರ ಬಹುಪಾಲು ಕೆಲಸ 1542ರಿಂದ 1580ರವರೆಗೆ ಆಳಿದ ಅಲಿ ಬರೀದ್ ಕಾಲದ್ದು. ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿ ಮನೆತನದವನು ಅವನು. ಆಗ ಬೀದರ್ ಚಿಕ್ಕ ರಾಜ್ಯ. ಗೋವಾ ಪೋರ್ಚುಗೀಸರ ಕೈ ಸೇರಿ ಹಲವು ದಶಕ ಕಳೆದಿತ್ತು. ಬಂದರು ಕೈ ತಪ್ಪಿದರೂ ಕಡಲಿನ ರುಚಿ ತಪ್ಪಿರಲಿಲ್ಲ ನೋಡಿ. ಇಲ್ಲಿ ಮುಟ್ಟಬೇಡಿ, ಫ್ಲ್ಯಾಶ್ ಬೇಡ.

ಸಂಗ್ರಹಾಲಯ ಇರುವುದು ಹಳೆಯ ಅರಮನೆಯ ಸ್ನಾನದ ಮನೆಯಲ್ಲಿ. ಚಿಕ್ಕದು. ಎದುರಿನ ಲಾಲ್ ಬಾಗ್‌ನ ಪಕ್ಕ ಸೋಲಾ ಖಂಬಾ ಮಸೀದಿ, 1423–24ರದ್ದು, ಅಂದರೆ ಇಡೀ ಬೀದರ್‌ನ ಹಳೆಯ ಮುಸ್ಲಿಂ ಕಟ್ಟಡಗಳಲ್ಲಿ ಒಂದು. ಸಾಲು ಸಾಲು ದಪ್ಪ ಕಂಬಗಳು, ಮಧ್ಯೆ ತಂಪು. ನೀರು ಕುಡಿದು ಇಲ್ಲೇ ಹತ್ತು ನಿಮಿಷ ಕಾಲು ಚಾಚಿ. ತರ್ಕಶ್ ಮಹಲ್, ಗಗನ್ ಮಹಲ್, ಅಡುಗೆ ಮನೆ ಎಲ್ಲ ಇದರ ಸುತ್ತಮುತ್ತಲೇ ಇವೆ. ನಡೆಯುತ್ತಾ ನೋಡಿ ಸಾಕು.

ಆದರೆ ತಖ್ತ್ ಮಹಲ್ ಬಿಡಬೇಡಿ. ಸ್ವಲ್ಪ ದೂರ, ಬಿಸಿಲು, ದಾರಿಯಲ್ಲಿ ಮುಳ್ಳು. ಹಾಗಾಗಿ ಅರ್ಧ ಜನ ಹೋಗುವುದೇ ಇಲ್ಲ. ಎತ್ತರದ ಕಮಾನಿನ ಎರಡು ಬದಿ ಹುಲಿ ಮತ್ತು ಬೆನ್ನ ಮೇಲೆ ಸೂರ್ಯ. ಅದು ಇರಾನಿನ ರಾಜಚಿಹ್ನೆಯ ನೆನಪು ತರುತ್ತದೆ. ಇಲ್ಲಿಂದ ಉತ್ತರದ ಗೋಡೆಯ ಅಂಚಿಗೆ ಹೋಗಿ ಕೆಳಗೆ ನೋಡಿ. ಪ್ರಸ್ಥಭೂಮಿ ಮುರಿದು ಬಿದ್ದಂತೆ ಇಳಿದು, ಹೊಲಗಳು ಕಣ್ಣು ಹಾಯುವವರೆಗೂ ಹರಡಿವೆ. ಗೋಡೆಯ ಅಂಚು ಸಡಿಲ. ಮಕ್ಕಳ ಕೈ ಬಿಡಬೇಡಿ, ಸೆಲ್ಫಿಗೆ ಹಿಂದೆ ಹಿಂದೆ ಸರಿಯಬೇಡಿ.

ಕಿಲ್ಲಾಕ್ಕೆ ಮೂರು ಗಂಟೆ ಹಿಡಿಯುತ್ತದೆ. ಮಧ್ಯಾಹ್ನ ಒಂದು ಹೊಡೆಯುವ ಮೊದಲೇ ಹೊರಬಿದ್ದು ಊಟಕ್ಕೆ ಪೇಟೆ ಸೇರಿ.

ಹಂತ 4: ಮಧ್ಯಾಹ್ನ ಬಿದ್ರಿಯವರ ಅಂಗಡಿಯಲ್ಲಿ

ಜೋಳದ ರೊಟ್ಟಿ, ಪಲ್ಯ, ಝುಣಕ ಬೇಕಿದ್ದರೆ ಖಾನಾವಳಿ. ಇಲ್ಲದಿದ್ದರೆ ಬಿರಿಯಾನಿ. ಊಟದ ನಂತರ ಬಿಸಿಲು ಇಳಿಯುವವರೆಗೆ ಬಿದ್ರಿ ಕೆಲಸದವರ ಓಣಿಗೆ ಹೋಗಿ. ಬಿದ್ರಿ ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಇಲ್ಲಿನ ಕಲೆ. ಚೌಬಾರಾದಲ್ಲಿ ಕೇಳಿದರೆ ತೋರಿಸುತ್ತಾರೆ.

ಕೊಳ್ಳುವ ಮೊದಲು ಕೆಲಸ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ತಿಕ್ಕಿ ನುಣುಪು ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆಗ ಗೆರೆ ಕಾಣುತ್ತದೆ. ಚಾಣದಿಂದ ಕೊರೆದು, ಕೊರೆದ ಜಾಗಕ್ಕೆ ಬೆಳ್ಳಿಯ ತಂತಿ ಇಲ್ಲವೇ ತಗಡು ಬಡಿದು ಕೂರಿಸುತ್ತಾರೆ. ಮತ್ತೆ ತಿಕ್ಕುತ್ತಾರೆ. ಕೊನೆಗೆ ಕಿಲ್ಲಾದ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರು. ಬಿಸಿ ಮಾಡಿ ಅದನ್ನು ಹಚ್ಚಿದರೆ ಸತುವಿನ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಳೆ ಬಿಸಿಲು ಕಾಣದ ಮೂಲೆಯ ಮಣ್ಣೇ ಆಗಬೇಕು. ಹಳೆಯ ಕಸುಬುದಾರರು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ.

ಈ ಕಲೆಗೆ 2006ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿತು. 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಕೊಳ್ಳುವಾಗ ಕೈಯಲ್ಲಿ ಹಿಡಿದು ತೂಕ ನೋಡಿ, ಬೆಳ್ಳಿಯ ಅಂಚಿನ ಮೇಲೆ ಬೆರಳು ಆಡಿಸಿ. ಅಂಚು ಬೆರಳಿಗೆ ತಗುಲಬಾರದು. ನನ್ನ ಸಲಹೆ: ದೊಡ್ಡ ಹೂದಾನಿಗಿಂತ ಚಿಕ್ಕ ಡಬ್ಬಿ. ಚೌಕಾಶಿ ಮಾಡಿ, ಆದರೆ ಒಂದು ವಾರದ ಕೆಲಸಕ್ಕೆ ಒಂದು ದಿನದ ಕೂಲಿ ಕೇಳಬೇಡಿ.

ಹಂತ 5: ಸಂಜೆ ಬರೀದ್ ಶಾಹಿ ಗುಂಬಜ್

ಪಶ್ಚಿಮಕ್ಕೆ ಉದಗೀರ್ ರಸ್ತೆಯಲ್ಲಿ ಬರೀದ್ ಶಾಹಿಗಳ ಸಮಾಧಿಗಳಿವೆ. ಈಗ ಉದ್ಯಾನ. ಸಂಜೆ ಊರಿನವರು ವಾಕಿಂಗ್ ಬರುತ್ತಾರೆ. ಅಲಿ ಬರೀದ್ ತಾನು ಬದುಕಿದ್ದಾಗಲೇ 1577ರಲ್ಲಿ ಕಟ್ಟಿಸಿಕೊಂಡ ಗುಂಬಜ್‌ಗೆ ಬಾಗಿಲೇ ಇಲ್ಲ. ನಾಲ್ಕೂ ಕಡೆ ತೆರೆದ ಕಮಾನು. ಒಂದು ಕಡೆಯಿಂದ ನಿಂತರೆ ಇನ್ನೊಂದು ಕಡೆಯ ಆಕಾಶ ಕಾಣುತ್ತದೆ. ದಿನದ ಕೊನೆಗೆ ಕೂರಲು ಬೀದರ್‌ನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಹಂತ 6: ಎರಡನೇ ದಿನ, ಅಷ್ಟೂರಿನ ದಾರಿ

ಬೆಳಗ್ಗೆ ಆರೂವರೆಗೆ ದುಲ್ಹನ್ ದರ್ವಾಜಾದಿಂದ ಪೂರ್ವಕ್ಕೆ ಹೊರಡಿ. ಮೂರು ನಾಲ್ಕು ಕಿ.ಮೀ. ದಾರಿ. ಊರಿನ ಪೂರ್ವಕ್ಕಿರುವ ಗುಡ್ಡದ ಹೆಸರು ಹಬ್ಶಿ ಕೋಟ್. ಇಥಿಯೋಪಿಯಾ ಕಡೆಯಿಂದ ಕಡಲು ದಾಟಿ ಬಂದ ಹಬ್ಶಿ ಸರದಾರರ ಸಮಾಧಿಗಳು ಅಲ್ಲಿವೆ. ಗುಲಾಮರಾಗಿ, ಸಿಪಾಯಿಗಳಾಗಿ ಬಂದವರು ಆಸ್ಥಾನದಲ್ಲಿ ದೊಡ್ಡವರಾದರು. ಹಳಬರಾದ ದಖನಿಗಳು ಮತ್ತು ಹಬ್ಶಿಗಳು ಒಂದು ಕಡೆ, ಇರಾನ್ ಮುಂತಾದ ಕಡೆಯಿಂದ ಹೊಸದಾಗಿ ಬಂದ ಪರದೇಶಿಗಳು ಇನ್ನೊಂದು ಕಡೆ. ಬಹಮನಿ ರಾಜ್ಯವನ್ನು ಒಳಗಿನಿಂದ ತಿಂದು ಹಾಕಿದ್ದು ಈ ಜಗಳವೇ.

ಮುಂದೆ ದಿಬ್ಬದ ಮೇಲೆ ಚೌಖಂಡಿ. ನಿನ್ನೆ ಮಂಚ ನೋಡಿದೆವಲ್ಲ, ಆ ಖಲೀಲುಲ್ಲಾರ ಸಮಾಧಿ. ಎಂಟು ಮೂಲೆಯ ಎರಡಂತಸ್ತಿನ ಹೊರಗೋಡೆ, ಅದರೊಳಗೆ ಬೇರೆಯದೇ ಒಂದು ಗುಂಬಜ್. ಒಳಬಾಗಿಲಿನ ಸುತ್ತ ಕರಿಕಲ್ಲಿನಲ್ಲಿ ಕೆತ್ತಿದ ಬರಹವಿದೆ. ಓದಲು ಬರದಿದ್ದರೂ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತ ಚೆಂದ ನೋಡಿ.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಂಬಜ್‌ಗಳು ಸಾಲಾಗಿವೆ. ಒಂದು ಅರ್ಧ ಸೀಳಿದಂತೆ ನಿಂತಿದೆ. ಅದು ಕ್ರೂರಿ ಎಂದು ಹೆಸರಾದ ಹುಮಾಯೂನ್‌ನದು. ಸಿಡಿಲು ಬಡಿದದ್ದು. ದೇವರೇ ಕೊಟ್ಟ ಶಿಕ್ಷೆ ಎಂದು ಊರಿನವರು ಹೇಳುತ್ತಾರೆ. ನನಗೆ ಅದು ಕಟ್ಟಡ ಕಟ್ಟುವವರಿಗೆ ಸಿಕ್ಕ ಪಾಠ: ಗುಂಬಜ್‌ನ ಗೋಡೆ ಎಷ್ಟು ದಪ್ಪ, ಒಳಗೆ ಏನು ತುಂಬಿದ್ದಾರೆ, ಎಲ್ಲ ಕತ್ತರಿಸಿದ ಈರುಳ್ಳಿಯಂತೆ ಕಾಣುತ್ತದೆ.

ಎಲ್ಲಕ್ಕೂ ಮಿಗಿಲು ಅಹ್ಮದ್ ಶಾ ಸಮಾಧಿ. ಬೂಟು ಬಿಚ್ಚಿ ಒಳಗೆ ಹೋಗಿ, ಕಣ್ಣಿಗೆ ಕತ್ತಲೆ ಒಗ್ಗುವವರೆಗೆ ಸುಮ್ಮನಿರಿ. ಆಮೇಲೆ ಟಾರ್ಚ್ ಮೇಲೆತ್ತಿ. ಕುಂಕುಮ ಕೆಂಪು, ಬಂಗಾರ, ನೀಲಿ, ಇಡೀ ಗುಂಬಜ್ ಚಿತ್ರ. ಕೆಲವೊಮ್ಮೆ ನೋಡಿಕೊಳ್ಳುವವರು ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಂದು ತೋರಿಸುತ್ತಾರೆ. ಟಾರ್ಚ್‌ಗಿಂತ ಅದೇ ಚೆಂದ. ಕೈಲಾದಷ್ಟು ಕೊಡಿ.

ಈ ಸುಲ್ತಾನ ಇಲ್ಲಿ ಬರೀ ಸುಲ್ತಾನನಲ್ಲ, ವಲಿ, ಅಂದರೆ ಸಂತ. ಲಿಂಗಾಯತರಲ್ಲಿ ಅವನನ್ನು ಅಲ್ಲಮಪ್ರಭುವಿನ ಅವತಾರ ಎಂದು ನಂಬುವವರಿದ್ದಾರೆ. ಹೋಳಿ ಹುಣ್ಣಿಮೆಯ ನಂತರ, ನಮ್ಮ ಪಂಚಾಂಗದ ಲೆಕ್ಕದಲ್ಲೇ, ಉರುಸು ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಬಂದು ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ. ಆ ಸಮಯಕ್ಕೆ ಬರಲು ಆದರೆ ಬಿಸಿಲನ್ನೂ ಸಹಿಸಿಕೊಳ್ಳಿ.

ಹಂತ 7: ನೀರಿನ ಜಾಡು

ವಾಪಸ್ ಬರುವಾಗ ಕಾಲು ಸೋತಿರುತ್ತದೆ. ಆಟೋ ಹಿಡಿಯಿರಿ, ನಾಚಿಕೆ ಬೇಡ. ಗುರುನಾನಕ್ ಝಿರಾ ಗುರುದ್ವಾರಕ್ಕೆ ಹೋಗಿ. ತಲೆ ಮುಚ್ಚಿ, ಕಾಲು ತೊಳೆದು ಒಳಗೆ ನಡೆಯಿರಿ, ಲಂಗರಿನಲ್ಲಿ ಊಟ ಮಾಡಿ. ಝಿರಾ ಅಂದರೆ ಒರತೆ. ಬೀದರ್‌ನ ಮೇಲಿನ ಕೆಂಪು ಕಲ್ಲು ಸ್ಪಂಜಿನಂತೆ ಮಳೆ ನೀರು ಕುಡಿಯುತ್ತದೆ. ಅದರ ಕೆಳಗಿನ ಕರಿಕಲ್ಲು ನೀರನ್ನು ಬಿಡುವುದಿಲ್ಲ. ಎರಡೂ ಸೇರುವಲ್ಲಿ ನೀರು ಪಕ್ಕಕ್ಕೆ ಜಿನುಗಿ ಹೊರಬರುತ್ತದೆ. ನರಸಿಂಹ ಝರಣಿ ಎಂಬ ಗುಹಾ ದೇವಾಲಯದ ನೀರಿನ ಗುಟ್ಟೂ ಇದೇ. ಅಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣಬೇಕು. ಬಟ್ಟೆ ಬದಲಿಸಲು ಮನಸ್ಸಿದ್ದರೆ ಹೋಗಿ.

ಈ ಗುಟ್ಟನ್ನು ಸರಿಯಾಗಿ ಹಿಡಿದವರು ಇರಾನಿನಿಂದ ಬಂದವರೇ. ನೌಬಾದ್ ಹತ್ತಿರ ಕರೇಜ್ ಇದೆ. ಊರವರ ಬಾಯಲ್ಲಿ ಸುರಂಗ ಬಾವಿ. ನೆಲದೊಳಗೆ ಸಣ್ಣ ಇಳಿಜಾರಿನ ಸುರಂಗ ಕೊರೆದು, ನಡುನಡುವೆ ಗಾಳಿಗೆ ಬಾವಿಯಂಥ ಕಂಡಿ ಬಿಟ್ಟು, ಪಂಪಿಲ್ಲದೆ ನೀರು ಹರಿಸುವ ವಿದ್ಯೆ. ಕಂಡಿಗಳ ಅಂಚಿಗೆ ಹೋಗಿ ಬಗ್ಗಬೇಡಿ. ಸುರಂಗದೊಳಗೆ ಒಬ್ಬರೇ ಇಳಿಯುವ ಸಾಹಸವೂ ಬೇಡ.

ಸಮಯ ಉಳಿದರೆ ಗೋರನಹಳ್ಳಿ

ಬಸ್ಸಿಗೆ ಒಂದು ಗಂಟೆ ಉಳಿದಿದ್ದರೆ ಅದೇ ಆಟೋದವರಿಗೆ ಊರಿನ ದಕ್ಷಿಣದ ಗೋರನಹಳ್ಳಿಗೆ ಹೋಗಲು ಹೇಳಿ. ಮಹಮೂದ್ ಗವಾನ್ ಸಮಾಧಿ ಅಲ್ಲಿದೆ. ಕೆಲವರಿಗೆ ದಾರಿ ಗೊತ್ತಿರುವುದಿಲ್ಲ, ಹಳ್ಳಿಯಲ್ಲಿ ಕೇಳಬೇಕು. ಅವನ ವೈರಿಗಳು ಅವನ ಮೊಹರು ಬಿದ್ದ ಖಾಲಿ ಹಾಳೆಯಲ್ಲಿ ಶತ್ರು ರಾಜನಿಗೆ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿದರು. ಕುಡಿದ ಅಮಲಿನಲ್ಲಿದ್ದ ಸುಲ್ತಾನ 1481ರ ಏಪ್ರಿಲ್‌ನಲ್ಲಿ ತಲೆ ತೆಗೆಸಿದ. ಮರುವರ್ಷ ಸುಲ್ತಾನನೂ ಸತ್ತ. ಗುಂಬಜ್ ಇಲ್ಲ, ಹೆಂಚಿಲ್ಲ. ಬಯಲಲ್ಲಿ ಒಂದು ಕಟ್ಟೆ, ಅದರ ಮೇಲೆ ಗೋರಿ. ನೆರಳಿಗೆ ಜಾಗ ಕಡಿಮೆ, ಟೋಪಿ ಬಿಟ್ಟು ಇಳಿಯಬೇಡಿ. ಆಟೋವನ್ನು ವಾಪಸ್ ಕಳಿಸಬೇಡಿ, ಅಲ್ಲಿ ಇನ್ನೊಂದು ಸಿಗುವುದು ಕಷ್ಟ.